ಕಲಬುರ್ಗಿಗಿಂತ ಹಿಂದಿನ ಊರು

ಮೊನ್ನೆ ಮಗಳ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನ ಮುಂದೆ ಹಾಯುವಾಗ ಫಾರ್ಮಲಿನ್ ವಾಸನೆ ಮೂಗಿಗೆ ಹೊಡೆಯಿತು. ಕಣ್ಣುರಿಯಿತು, ಜೊತೆಗೇ ಹಳೆಯ ಸಿಟ್ಟೂ ಬಂತು. ಹೈದರಾಬಾದಿನ ನಾರಾಯಣಗೂಡದ ನಮ್ಮ ಮೇಲಿನ ಮನೆಯ ಕಾಕಾ ಇದೇ ವಾಸನೆ ಹೊತ್ತು ಮೆಟ್ಟಿಲಿಳಿಯುತ್ತಿದ್ದರು...

ಕಾಕಾ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಮನೆಯಲ್ಲೂ ಕಪ್ಪೆ, ಹಾವಿನ ಬಾಟಲಿಗಳನ್ನು ಇಟ್ಟುಕೊಂಡಿದ್ದರು. ಆಗ ಊರಿಗೆ ಊರೇ ಕಂಪ್ಯೂಟರ್ ಕ್ಲಾಸಿಗೆ ಓಡುತ್ತಿತ್ತು. ಮನುಷ್ಯ ಎಲ್ಲಿಂದ ಬಂದ ಎಂದು ಕೇಳುವ ಪುರಸೊತ್ತು ಯಾರಿಗಿತ್ತು? ಹಾಗಾಗಿ ನಾಲ್ಕು ಜನ ಕೂತಲ್ಲೆಲ್ಲ ಕಾಕಾ ಪಾಠ ಶುರು ಮಾಡುತ್ತಿದ್ದರು. ಹಾಲಿನವನನ್ನೂ ಬಿಟ್ಟವರಲ್ಲ.

ನಮ್ಮೂರಿನದೇ ಮಾದಾಪುರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಹುಡುಗನೊಬ್ಬನ ಮನೆಯವರು ನನ್ನನ್ನು ನೋಡಲು ಮೈಸೂರಿನಿಂದ ಬಂದರು. ನಮ್ಮಪ್ಪನಿಗೆ ನಾಲ್ಕು ಮಾತು ಕೂಡಿಸಲು ಬರುತ್ತಿರಲಿಲ್ಲ. ಹಿರಿಯರೊಬ್ಬರು ಇರಲಿ ಎಂದು ಕಾಕಾನನ್ನು ಕರೆದು ಕೂರಿಸಿದರು. ಇರಲಾರದವನು ಇರುವೆ ಬಿಟ್ಟುಕೊಂಡ ಹಾಗೆ. ಮೂರು ತಲೆಮಾರಿನಿಂದ ಹೈದರಾಬಾದಿನಲ್ಲೇ ಇದ್ದರೂ, ಯಾರಾದರೂ ಕೇಳಿದರೆ ಕಲಬುರ್ಗಿಯವರು ಎನ್ನುವುದು ನಮ್ಮಂಥ ಮನೆಗಳ ವಾಡಿಕೆ. ಹುಡುಗನ ತಾಯಿ ಕೇಳಿಯೇಬಿಟ್ಟರು: "ನೀವು ಮೊದಲಿಂದ ಎಲ್ಲಿಯೋರು?" ಅಪ್ಪ ಬಾಯಿ ತೆರೆಯುವುದರೊಳಗೆ ಕಾಕಾ ಶುರು ಮಾಡಿದರು.

"ಕಲಬುರ್ಗಿ ನಿನ್ನಿ ಮೊನ್ನಿದ್ದು ಬಿಡ್ರಿ. ಮೊದಲ ಇವ್ರು ಆಫ್ರಿಕಾದವ್ರು."

ಎಲ್ಲ ಮನುಷ್ಯರೂ ಅಲ್ಲಿಯವರೇ ಎಂದು ಆಮೇಲೆ ಹೇಳಿದರು. ಚಹಾದ ಬಸಿಗಳನ್ನು ಟೀಪಾಯಿಯ ಮೇಲೆ ಸಾಲಾಗಿ ಸರಿಸಿ, ಜನ ಕಡಲದಂಡೆ ಹಿಡಿದು ನಡೆದುಬಂದ ದಾರಿಯನ್ನೂ ತೋರಿಸಿದರು. ಏನು ಪ್ರಯೋಜನ? ಆ ತಾಯಿಯ ಕಿವಿ ಮೊದಲ ಮಾತಿಗೇ ಮುಚ್ಚಿಹೋಗಿತ್ತು. ವಾರದೊಳಗೆ ನಮ್ಮವರ ನಡುವೆ ಸುದ್ದಿ ಹಬ್ಬಿತು. ನನ್ನ ಮುತ್ತಜ್ಜ ನಿಜಾಮರ ಪಡೆಯಲ್ಲಿದ್ದ ಆಫ್ರಿಕಾದ ಕುದುರೆ ಸವಾರರ ಪೈಕಿಯಂತೆ, ನಾವು ಮುಚ್ಚಿಟ್ಟಿದ್ದೇವಂತೆ. ಆ ಸವಾರರ ಮೊಮ್ಮಕ್ಕಳು ಇದೇ ಊರಿನಲ್ಲಿರುವುದರಿಂದ ನಂಬುವವರಿಗೆ ಕಷ್ಟವೇ ಆಗಲಿಲ್ಲ. ಮುತ್ತಜ್ಜ ಅವರ ಪೈಕಿಯೇ ಆಗಿದ್ದರೂ ತಪ್ಪೇನಿತ್ತು? ಆದರೆ ಅದನ್ನು ಗಂಡಿನ ಕಡೆಯವರಿಗೆ ಹೇಳುವವರು ಯಾರು...

ಸಂಬಂಧ ಕೂಡಿಸುತ್ತಿದ್ದ ಹಿರಿಯ ಹೆಂಗಸೊಬ್ಬರಿದ್ದರು. ಅವ್ವ ಅತ್ತು ಕರೆದು ಕಾಕಾನನ್ನು ಅವರ ಬಳಿ ಕಳಿಸಿದಳು, ನಿಜ ಏನೆಂದು ತಿಳಿಸಿ ಬರಲಿ ಎಂದು. ಕಾಕಾ ಹೋಗಿ ನಿಜವನ್ನೇ ತಿಳಿಸಿದರು. "ಇವ್ರಷ್ಟ ಅಲ್ರಿ ಅಕ್ಕಾರ, ನೀವೂ ಅಲ್ಲಿಂದನ ಬಂದವ್ರು." ಅಲ್ಲಿಗೆ ಆ ಬಾಗಿಲೂ ಬಂದ್.

ಎರಡು ವರ್ಷ ನಮ್ಮ ಮೆಟ್ಟಿಲು ಯಾರೂ ತುಳಿಯಲಿಲ್ಲ. ನನ್ನ ಓರಗೆಯವರ ಮಕ್ಕಳ ನಾಮಕರಣಕ್ಕೆ ಹೋಗಿ ಹೋಗಿ ಸಾಕಾಗಿತ್ತು. ಕಾಕಾನ ಚಪ್ಪಲಿ ಸಪ್ಪಳ ಕೇಳಿದರೆ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಈ ಮನುಷ್ಯನಿಗೆ ಬಾಯಿ ಕೊಟ್ಟ ದೇವರು ಬೀಗ ಯಾಕೆ ಕೊಡಲಿಲ್ಲ ಎಂದು ಅವ್ವ ಗೊಣಗುತ್ತಿದ್ದಳು.

ಕಡೆಗೆ ಇದೇ ಊರಿನ ಉಪ್ಪಲ್‌ನಿಂದ ಒಂದು ಮನೆಯವರು ಬಂದರು. ಈ ಸಲ ಅಪ್ಪ ಕಾಕಾನನ್ನು ಕರೆಯಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಕಾಕಾ ತಾವಾಗಿಯೇ ಇಳಿದುಬಂದು ಕೂತರು. ಹುಡುಗನ ಅಜ್ಜ ಅದೇ ಪ್ರಶ್ನೆ ಕೇಳಿದರು. ಅಪ್ಪ ಎಂದಿನಂತೆ ತಡವರಿಸಿದರು. ಕಾಕಾ ನನ್ನ ಮುಖ ನೋಡಿದರು.

"ಕಲಬುರ್ಗಿ ಕಡಿಯವ್ರರಿ," ಎಂದರು. "ಅಷ್ಟ."

ಈ ಸಲ ಬಸಿಗಳನ್ನು ಸರಿಸಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಬೈಸಿಕೊಂಡ ಮಗುವಿನ ಹಾಗೆ ಕೂತಿದ್ದರು. ಚಹಾ ಆರಿಹೋಯಿತು. ಲಗ್ನ ಗಟ್ಟಿಯಾಯಿತು.

ಆಮೇಲೆ ನಮ್ಮ ಮನೆಯಲ್ಲಿ ಅವರು ಪಾಠ ಮಾಡಿದ್ದನ್ನು ನಾನು ಕಾಣೆ. ತವರಿಗೆ ಹೋದಾಗ ನಾನೇ ಕೆದಕುತ್ತಿದ್ದೆ, ಆ ಜನ ಯಾಕೆ ಆಫ್ರಿಕಾ ಬಿಟ್ಟರು ಕಾಕಾ, ಅಂತ. "ಇರ್ಲಿ ಬಿಡವಾ, ಅದೆಲ್ಲಾ ಯಾಕ," ಎಂದು ಮೆಟ್ಟಿಲೇರಿಬಿಡುತ್ತಿದ್ದರು... ಒಂದು ಚಳಿಗಾಲದಲ್ಲಿ ತೀರಿಕೊಂಡೂಬಿಟ್ಟರು.

ನನ್ನ ಸಂಸಾರ ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ. ಆದರೂ ಕಾಕಾನ ಮೇಲಿನ ಸಿಟ್ಟು ಇಳಿದಿಲ್ಲ. ಜಗತ್ತಿನ ಮುಂದೆ ಸುಮ್ಮನಿರಲು ಬಾರದ ಮನುಷ್ಯ. ಅಷ್ಟು ದೊಡ್ಡ ಕಥೆಯನ್ನು ನನ್ನೊಬ್ಬಳ ಮದುವೆಗಾಗಿ ನುಂಗಿಕೊಳ್ಳಿ ಎಂದು ಯಾರು ಹೇಳಿದ್ದರು ಅವರಿಗೆ?