ಷಡ್ಡಕನ ಪಂಪು

ಬಸ್ ಡಿಪೋದಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದ ಆ ಮೆಕ್ಯಾನಿಕ್ಕನನ್ನು ನೆಂಟರೆಲ್ಲ ಸ್ಪ್ಯಾನರಣ್ಣ ಎಂದೇ ಕರೆಯುತ್ತಿದ್ದರು. ಗುಜರಿಗೆ ಹೋಗಬೇಕಿದ್ದ ಹಳೆ ವ್ಯಾನೊಂದನ್ನು ಕೊಂಡು, ಎರಡು ವರ್ಷ ಜೀವ ತೇದು, ಅದರೊಳಗೆ ಹಾಸಿಗೆ, ಒಲೆ, ಸಿಂಕು, ಒಬ್ಬರು ನಿಂತು ಸ್ನಾನ ಮಾಡುವಷ್ಟು ಬಚ್ಚಲು ಎಲ್ಲ ಕೂಡಿಸಿದ್ದ. ಗಾಡಿಯ ಹೊಟ್ಟೆಯಡಿ ನೂರನಲವತ್ತು ಲೀಟರಿನ ನೀರಿನ ಟ್ಯಾಂಕು. ವರ್ಷಕ್ಕೊಮ್ಮೆ ಹೆಂಡತಿಯನ್ನು ಕೂರಿಸಿಕೊಂಡು, ಕರೆಂಟೂ ನಲ್ಲಿಯೂ ಇಲ್ಲದ ಒಂದು ಕೆರೆಯ ದಡಕ್ಕೆ ಹೋಗಿ ವಾರವಿದ್ದು ಬರುತ್ತಿದ್ದ.

ಟ್ಯಾಂಕು ತುಂಬುವುದರಲ್ಲಿ ಅವನದೇ ಒಂದು ಶಾಸ್ತ್ರವಿತ್ತು. ದಿಬ್ಬದ ಮೇಲಿನ ಒರತೆಯಿಂದ ಇಪ್ಪತ್ತು ಲೀಟರಿನ ಕ್ಯಾನು ಹೊತ್ತು ತರಬೇಕು. ಆಲಿಕೆಗೆ ಹಳೆ ಹತ್ತಿಬಟ್ಟೆಯನ್ನು ಎರಡು ಮಡಿಕೆ ಹಾಕಿ ಕಟ್ಟಿ ನಿಧಾನವಾಗಿ ಸುರಿಯಬೇಕು. ಅಳತೆಯ ಮುಳ್ಳು ಕೆಟ್ಟು ಯಾವ ಕಾಲವಾಗಿತ್ತೋ! ಹೆಂಡತಿ ಮಂಡಿಯೂರಿ ಟ್ಯಾಂಕಿನ ಪಕ್ಕೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ, ಸದ್ದು ಕೇಳಿ "ಅರ್ಧ ಬಂತು", "ಇನ್ನೊಂದು ಗೇಣು" ಎಂದು ಹೇಳುತ್ತಿರಬೇಕು. ಏಳನೆಯ ಕ್ಯಾನಿಗೆ ಅವಳು "ಸಾಕು, ತುಂಬ್ತು" ಎಂದಾಗ ಅವನಿಗೆ ಆಗುತ್ತಿದ್ದ ಹೆಮ್ಮೆ ಅಷ್ಟಿಷ್ಟಲ್ಲ.

ಈ ಸಲ ಅದಕ್ಕೆ ಕಲ್ಲು ಬಿತ್ತು. ಹೆಂಡತಿಯ ತಂಗಿ, ಅವಳ ಗಂಡ, ತಾವೂ ಬರುತ್ತೇವೆಂದು ಹೊಚ್ಚಹೊಸ ಮನೆಗಾಡಿಯಲ್ಲಿ ಬಂದಿಳಿದರು. ಟೈಲ್ಸ್ ಅಂಗಡಿಯ ಈ ಷಡ್ಡಕನನ್ನು ಕಂಡರೆ ಸ್ಪ್ಯಾನರಣ್ಣನಿಗೆ ಮೊದಲಿಂದಲೂ ಅಷ್ಟಕ್ಕಷ್ಟೆ. ಈಗ ನೋಡಿದರೆ ಅವನ ಗಾಡಿಯಲ್ಲಿ ಬಿಸಿನೀರಿನ ಶವರ್ರು, ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಮೊಬೈಲಿನಲ್ಲೇ ತೋರಿಸುವ ಏರ್ಪಾಡು, ಮೇಲೊಂದು ಪಂಪು ಬೇರೆ. ಮೊದಲ ದಿನ ಸಂಜೆ ಹೆಂಡತಿ ಅಲ್ಲೇ ಸ್ನಾನ ಮಾಡಿ ಬಂದಳು.

"ಏನ್ ಜೋರಾಗಿ ಬರುತ್ತೆ ಗೊತ್ತಾ ನೀರು?" ಎಂದಳು ಕೂದಲು ಒರೆಸಿಕೊಳ್ಳುತ್ತ. "ಮೈಯೆಲ್ಲ ಹಗುರಾಗೋಯ್ತು."

ಸ್ಪ್ಯಾನರಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ಬೆರಳು ಜಜ್ಜಿಕೊಂಡು ತಾನು ಕಟ್ಟಿದ ಬಚ್ಚಲಿನ ಬಗ್ಗೆ ಅವಳು ಒಂದು ದಿನವೂ ಹೀಗೆ ಹೇಳಿದವಳಲ್ಲ. ಇನ್ನು ಅವಳ ಕಣ್ಣಿಗೆ ತನ್ನ ಗಾಡಿ ತಗಡಿನ ಡಬ್ಬಿಯೇ, ಮುಂದಿನ ವರ್ಷ ಕರೆದರೆ ಒಲ್ಲೆ ಎಂದುಬಿಟ್ಟಾಳು ಎಂಬ ಭಯ ಅವನನ್ನು ಹಿಡಿದುಕೊಂಡಿತು.

ಮರುದಿನ ಬೆಳಿಗ್ಗೆ ಮೂರನೆಯ ಕ್ಯಾನು ಹೊತ್ತು ಏದುಸಿರು ಬಿಡುತ್ತ ಇಳಿಯುವಾಗ ಷಡ್ಡಕ ಚಡ್ಡಿಯಲ್ಲಿ ನಿಂತು ಪೈಪಿನ ಸುರುಳಿ ಬಿಚ್ಚುತ್ತಿದ್ದ.

"ಅಣ್ಣಾ, ಯಾಕೆ ಈ ವಯಸ್ಸಲ್ಲಿ ಒದ್ದಾಡ್ತೀರಿ? ಪೈಪ್ ಕೆರೆಗೆ ಬಿಟ್ರೆ ಹತ್ತು ನಿಮಿಷದ ಕೆಲಸ. ಮೈ ತೊಳೆಯೋಕೆ, ಪಾತ್ರೆ ತೊಳೆಯೋಕೆ ಸಾಕಲ್ವಾ? ನಿಮ್ಮದಕ್ಕೂ ತುಂಬಿಸಿಕೊಡ್ತೀನಿ."

"ನಮಗೆ ಇದೇ ಅಭ್ಯಾಸ ಬಿಡಪ್ಪ."

"ಇಲ್ಲೇ ಬಿಡ್ಲಾ? ನೀರು ತಿಳಿಯಾಗಿದೆ."

ತಿಳಿ ಇರುವುದು ಮೇಲಿನ ಒಂದು ಮೊಳ ಮಾತ್ರ, ಅದರ ಕೆಳಗೆ ಮಂಡಿಯುದ್ದ ಕೆಸರು. ಮೂರು ವರ್ಷದ ಹಿಂದೆ ಅಲ್ಲೇ ಪೈಪು ಬಿಟ್ಟು ತನ್ನ ಪಂಪು ಸುಟ್ಟುಕೊಂಡ ಮೇಲೆಯೇ ಸ್ಪ್ಯಾನರಣ್ಣ ಕ್ಯಾನು ಹೊರಲು ಶುರುಮಾಡಿದ್ದು. ಪೈಪಿನ ತುದಿಗೆ ಖಾಲಿ ಡಬ್ಬಿ ಕಟ್ಟಿ ತೇಲಿಬಿಡು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾಲಿಗೆಯ ತುದಿಗೂ ಬಂತು.

"ನಿನಗೆ ತಿಳಿದ ಹಾಗೆ ಮಾಡಪ್ಪ," ಎಂದು ಕ್ಯಾನನ್ನು ಇನ್ನೊಂದು ಭುಜಕ್ಕೆ ಬದಲಿಸಿ ಮುಂದೆ ನಡೆದ.

ಹತ್ತು ನಿಮಿಷವೂ ಬೇಕಾಗಲಿಲ್ಲ. ಪಂಪು ಗೊರಗೊರ ಎಂದು ಕೆಮ್ಮಿ ನಿಂತಿತು. ಹೊಸ ಗಾಡಿಯ ಶವರ್ರು ತಿರುಗಿಸಿದರೆ ಸುರಿದದ್ದು ಕೆಸರು. ಸ್ಪ್ಯಾನರಣ್ಣನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಆ ಸಂತೋಷ ಹೆಚ್ಚು ಹೊತ್ತು ಬಾಳಲಿಲ್ಲ, ಯಾಕೆಂದರೆ ಅಲ್ಲಿದ್ದ ಮೆಕ್ಯಾನಿಕ್ ಅವನೊಬ್ಬನೇ. ಷಡ್ಡಕನ ಟ್ಯಾಂಕು ಖಾಲಿ ಮಾಡಿ, ಪಂಪು ಬಿಚ್ಚಿ, ಕೆಸರು ಬಗೆದು, ತೊಳೆಯುವುದಕ್ಕೂ ತುಂಬುವುದಕ್ಕೂ ಒರತೆಯಿಂದ ನೀರು ಹೊತ್ತ. ಷಡ್ಡಕ ಎರಡೇ ಕ್ಯಾನಿಗೆ ಸೊಂಟ ಹಿಡಿದುಕೊಂಡು ಕೂತ. ಸಂಜೆಯ ಹೊತ್ತಿಗೆ ಸ್ಪ್ಯಾನರಣ್ಣ ಹದಿನಾಲ್ಕು ಸಲ ದಿಬ್ಬ ಹತ್ತಿಳಿದಿದ್ದ.

"ಭಾವ ಇಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತು ಅಕ್ಕಾ! ಅವರದು ಎಂಥ ದೊಡ್ಡ ಮನಸ್ಸು!" ಎಂದು ನಾದಿನಿ ಕಣ್ಣೊರೆಸಿಕೊಂಡಳು.

ಹೆಂಡತಿ ಗಂಡನ ಕೆಸರು ಮೆತ್ತಿದ ಕೈಯನ್ನೇ ನೋಡಿದಳು. ಅವನು ಬೇಗಬೇಗ ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬಿಕೊಂಡ. ಕೆಸರಿನ ಸಂಗತಿ ಅವಳಿಗೂ ಗೊತ್ತಲ್ಲ!

ತಮ್ಮ ಗಾಡಿಗೆ ಬಂದ ಮೇಲೆ ಅವಳು ಬಿಸಿನೀರಲ್ಲಿ ಬಟ್ಟೆ ಅದ್ದಿ ಅವನ ಭುಜಕ್ಕೆ ಶಾಖ ಕೊಡತೊಡಗಿದಳು.

"ಯಾಕೆ ಹೇಳ್ಲಿಲ್ಲ ಅವರಿಗೆ?"

ಸುಳ್ಳು ಹೇಳುವಷ್ಟು ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. "ಹೊಟ್ಟೆಕಿಚ್ಚು ಕಣೇ. ನೀನು ಅಲ್ಲಿ ಸ್ನಾನ ಮಾಡ್ಕೊಂಡು ಬಂದು ಅಷ್ಟೊಂದು ಹೊಗಳಿದೆಯಲ್ಲ, ತಡಕೊಳ್ಳೋಕಾಗಲಿಲ್ಲ. ಬೈಯೋದಿದ್ರೆ ಬೈದುಬಿಡು."

ಅವಳು ಬಯ್ಯಲಿಲ್ಲ. ಬಟ್ಟೆ ಹಿಂಡಿ ಇನ್ನೊಂದು ಭುಜಕ್ಕಿಟ್ಟಳು.

"ಬೆಳಿಗ್ಗೆ ನೀವು ದಿಬ್ಬಕ್ಕೆ ಹೋದಾಗ ತಂಗಿ ಬಂದು ಕೇಳಿದ್ಳು, ಅಕ್ಕಾ, ಪೈಪ್ ಎಲ್ಲಿ ಬಿಡೋದು ಅಂತ."

"ನೀನೇನಂದೆ?"

"ಅಲ್ಲೇ ಬಿಡು, ನಾವೂ ಮೊದಲು ಅಲ್ಲೇ ಬಿಡ್ತಿದ್ವಿ ಅಂದೆ."