ಸುಶೀಲಮ್ಮ ಹೇಳಿದ ಎರಡು

ದೆಹಲಿಯ ಜನಕಪುರಿಯ ಮನೆಯಲ್ಲಿ ಸುಶೀಲಮ್ಮ ಬೆಳಿಗ್ಗೆ ಐದೂವರೆಗೆ ಏಳುತ್ತಾರೆ. ಎದ್ದ ಕೂಡಲೇ ಬೆರಳು ಮಡಚಲು ಬರುವುದಿಲ್ಲ. ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕೈ ಇಳಿಬಿಟ್ಟು ಕೂತರೆ ಆರೂಮುಕ್ಕಾಲಿಗೆ ಲೋಟ ಹಿಡಿಯುವಷ್ಟಾಗುತ್ತದೆ. ಗಡಿಯಾರ ನೋಡಿ ಹೇಳುವ ಮಾತು ಇದು. ಓದಿದ್ದು ಮೂರನೇ ಕ್ಲಾಸಾದರೂ ಅಂದಾಜಿನ ಮಾತು ಅವರಿಗೆ ಆಗದು. ಮದುವೆಯಾಗಿ ತಿಪಟೂರಿನಿಂದ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿಗೆ ಬಂದಾಗ ಹಿಂದಿ ಒಂದು ಪದವೂ ಬರುತ್ತಿರಲಿಲ್ಲ. ತರಕಾರಿ ಭಯ್ಯಾನ ತಕ್ಕಡಿ ನೋಡುತ್ತಾ ನೋಡುತ್ತಾ ಕಲಿತರು. ಗುಮಾಸ್ತರಾಗಿದ್ದ ಗಂಡ ದೇವೇಂದ್ರಪ್ಪ ತೀರಿಕೊಂಡು ಒಂಬತ್ತು ವರ್ಷ. ಈಗ ಮಗ ಏಕನಾಥ, ಸೊಸೆ ಶ್ರೀಲಕ್ಷ್ಮಿ ಜೊತೆ ಇದ್ದಾರೆ.

ಕೈಗೆ ಬಂದಿರುವುದು ಸಂಧಿವಾತ. ದೇಹದ ಕಾವಲು ಪಡೆಯೇ ತಿರುಗಿಬಿದ್ದು ಕೀಲು ತಿನ್ನುವ ಕಾಯಿಲೆ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಅಲ್ಲೇ ಸಂಶೋಧನೆ ಮಾಡುವ ದಾವಣಗೆರೆ ಹುಡುಗಿ ಹರಿಣಿ, ತಿಂಗಳಿಗೊಮ್ಮೆ ರಕ್ತ ಕೊಡ್ತೀರಾ ಅಜ್ಜಿ ಎಂದು ಕೇಳಿದಾಗ, ಏನಕ್ಕೆ ಅಂತ ತಿಳಿದುಕೊಳ್ಳುವ ಆಸೆಗೇ ಒಪ್ಪಿದರು.

"ಇದರಲ್ಲಿ ಏನನ್ನ ಹುಡುಕ್ತೀಯಮ್ಮ?"

"ಎನ್‌ಕೆಟಿ ಅಂತ ಒಂದು ಜಾತಿ ಕಣ ಅಜ್ಜಿ. ಬೇರೆ ಕಾವಲು ಕಣಗಳನ್ನ ಎಬ್ಬಿಸೋದು, ಸುಮ್ಮನಿರಿಸೋದು ಎರಡೂ ಮಾಡ್ತವೆ. ಇನ್ನೊಂದು ಕಣದ ಮೈಮೇಲಿನ ಜಿಡ್ಡಿನ ಚೂರು ನೋಡಿ ಗುರುತು ಹಿಡೀತವೆ."

"ಜಿಡ್ಡು ಹುಡುಕೋದಾ? ನಮ್ಮತ್ತೆ ಇದ್ದ ಹಾಗೆ. ತೊಳೆದ ಪಾತ್ರೆ ತಿರುಗಿಸಿ ತಿರುಗಿಸಿ ನೋಡೋರು. ಎಷ್ಟಿರ್ತವೆ?"

"ಒಬ್ಬೊಬ್ಬರಲ್ಲಿ ಒಂದೊಂದು ತರಹ. ಕೆಲವರಲ್ಲಿ ಸಾವಿರಕ್ಕೆ ಒಂದೆರಡು. ಕೆಲವರಲ್ಲಿ ಲಕ್ಷ ಕಣ ಜಾಲಾಡಿದರೂ ಬೆರಳೆಣಿಕೆ."

"ಎಲ್ಲಾ ಒಂದೇ ಗುಣದವೇ?"

"ಅದೇ ನಮ್ಮ ಪ್ರಶ್ನೆ. ಕೆಲವು ಉರಿ ಹಚ್ತವೆ, ಕೆಲವು ಆರಿಸ್ತವೆ. ಕಾಯಿಲೆ ಜೋರಾದಾಗ ಯಾವುದು ಹೆಚ್ಚು, ಯಾವುದು ಕಡಿಮೆ ಅಂತ ಇನ್ನೂ ಸರಿಯಾಗಿ ಗೊತ್ತಿಲ್ಲ."

ಇಷ್ಟು ಓದಿದವಳಿಗೂ ಗೊತ್ತಿಲ್ಲವಲ್ಲ ಎಂಬುದು ಸುಶೀಲಮ್ಮನಿಗೆ ಬಹಳ ಇಷ್ಟವಾಯಿತು. ಅಕ್ಕಿ ತೊಳೆಯುವಾಗಲೂ ಅದೇ ಯೋಚನೆ. ತನ್ನ ಮೈಯಲ್ಲಿ ಎಷ್ಟಿರಬಹುದು, ಇವತ್ತು ಅವು ಹಚ್ಚುವವೋ ಆರಿಸುವವೋ.

ಹರಿಣಿ ಒಂದು ಚೀಟಿಯನ್ನೂ ಕೊಟ್ಟಿದ್ದಳು. ದಿನಾ ಬೆಳಿಗ್ಗೆ ನೋವು ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂತ ಬರೆಯಬೇಕು. ಶ್ರೀಲಕ್ಷ್ಮಿ ಗುರುಗ್ರಾಮದ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ, ತಲೆ ಬಾಚಿಕೊಳ್ಳುತ್ತಾ ಕೇಳುವಳು, "ಅತ್ತೆ, ಎಷ್ಟು ಹಾಕಲಿ?"

"ಎರಡು ಹಾಕಮ್ಮ."

ದಿನಾ ಎರಡೇ. ಯಾರಾದರೂ ಹೇಗಿದ್ದೀರಿ ಎಂದರೆ ಆರಾಮ ಎನ್ನುವುದು ಅವರು ಬೆಳೆದ ರೀತಿ. ಅದಕ್ಕಿಂತ ಹೆಚ್ಚಾಗಿ, ಏಳು ಎಂದರೆ ಸೊಸೆ ನಾಲ್ಕೂವರೆಗೆ ಎದ್ದು ಅಡುಗೆ ಮುಗಿಸಿಟ್ಟು, ಅತ್ತೆಯನ್ನು ಒಲೆಯ ಹತ್ತಿರ ಬಿಡಲಾರಳು. ನಲವತ್ತಾರು ವರ್ಷದ ಅಡುಗೆಮನೆ ಕೈತಪ್ಪುತ್ತದೆ.

ಮೂರನೇ ತಿಂಗಳ ಕೊನೆಗೆ ಶ್ರೀಲಕ್ಷ್ಮಿ ರಜೆ ಹಾಕಿ ಜೊತೆಗೆ ಹೋದಳು. ಹರಿಣಿ ಚೀಟಿ ನೋಡಿದಳು, ಸುಶೀಲಮ್ಮನ ಬೆರಳಿನ ಗೆಣ್ಣುಗಳನ್ನು ನೋಡಿದಳು, ಮತ್ತೆ ಚೀಟಿ ನೋಡಿದಳು.

"ಇಷ್ಟು ಊತ ಇದೆ, ನೋವು ಮಾತ್ರ ಎರಡು. ಡಾಕ್ಟರು ಇದನ್ನೂ ನೋಡಿಯೇ ಗುಳಿಗೆ ಹೆಚ್ಚಿಸಬೇಕಾ ಬೇಡವಾ ಅಂತ ತೀರ್ಮಾನ ಮಾಡೋದು ಅಜ್ಜಿ. ಹೀಗೇ ಬಿಟ್ಟರೆ ಬೆರಳು ಸೊಟ್ಟಗಾಗಿಬಿಡಬಹುದು, ಆಮೇಲೆ ನೇರ ಆಗಲ್ಲ."

"ಹೌದಾ," ಎಂದರು ಸುಶೀಲಮ್ಮ. "ರಕ್ತ ಏನು ಹೇಳ್ತು?"

"ರಕ್ತ ನೋವು ಹೇಳಲ್ಲ. ಕಣ ಎಣಿಸಿ ಕೊಡೋದಷ್ಟೇ ನಮ್ಮ ಕೆಲಸ. ಕಾಯಿಲೆ ತಣ್ಣಗಿರುವವರದು ಒಂದು ಗುಂಪು, ಜೋರಾಗಿರುವವರದು ಇನ್ನೊಂದು. ಈ ಚೀಟಿ ನಂಬಿದ್ದರಿಂದ ನಿಮ್ಮ ಕಣಗಳು ತಣ್ಣಗಿನ ಗುಂಪಲ್ಲಿವೆ."

ಸುಶೀಲಮ್ಮ ಸೀರೆಯ ಸೆರಗನ್ನು ನೇವರಿಸಿದರು. ಹೆಸರುಬೇಳೆ ಡಬ್ಬಿಗೆ ಉದ್ದಿನಬೇಳೆ ಬಿದ್ದಂತೆ ಅನ್ನಿಸಿತು.

"ಹಾಗಾದರೆ ಅದು ತಪ್ಪು ಗುಂಪು," ಎಂದರು.

ಶ್ರೀಲಕ್ಷ್ಮಿ ತಿರುಗಿ ನೋಡಿದಳು. "ಏನಂದ್ರಿ ಅತ್ತೆ?"

"ಹೋದ ಸೋಮವಾರ ಕುಕ್ಕರ್ ಮುಚ್ಚಳ ತೆಗೆಯೋಕಾಗದೆ, ಅನ್ನ ಒಳಗೇ ಮುದ್ದೆಯಾಯ್ತು. ಬುಧವಾರ ಚೊಂಬು ಎರಡು ಸಲ ಬಿತ್ತು. ಗುರುವಾರ ಹೇರ್‌ಪಿನ್ ಹಾಕಿಕೊಳ್ಳೋಕಾಗಲಿಲ್ಲ, ಜಡೆ ಹಾಗೇ ಬಿಟ್ಟೆ."

"ನೀವು ಎರಡು ಅಂದ್ರಿ, ನಾನು ಬರೆದೆ. ಎಂಬತ್ತೆಂಟು ದಿನ."

"ಬೈಬೇಡ."

"ಬೈತಿಲ್ಲ. ಆ ಮುದ್ದೆ ಅನ್ನ ಬಿಸಿಬೇಳೆಬಾತ್ ಅಂತ ತಿಂದಿದ್ದೀನಲ್ಲ, ಅದಕ್ಕೆ ಸಿಟ್ಟು."

ಹರಿಣಿ ನಕ್ಕಳು. ಆದರೆ ಹಳೆಯ ಅಂಕಿ ತಿದ್ದಲು ಬಿಡಲಿಲ್ಲ. ಬರೆದದ್ದು ಹಾಗೇ ಇರಬೇಕು, ಈಗ ಹೇಳಿದ್ದನ್ನು ನೆನಪಿನಿಂದ ಹೇಳಿದ್ದು ಅಂತ ಬೇರೆ ಹಾಳೆಯಲ್ಲಿ ಬರೆಯುತ್ತೇವೆ, ಹಿಂದಿನ ಎರಡು ಸಲದ ರಕ್ತ ಲೆಕ್ಕಕ್ಕೆ ಸಿಗುತ್ತದೋ ಇಲ್ಲವೋ ನಮ್ಮ ಮೇಲಿನವರು ನೋಡುತ್ತಾರೆ, ಇವತ್ತಿನದಂತೂ ಸಿಗುತ್ತದೆ ಎಂದಳು.

"ಇವತ್ತು ಎಷ್ಟು ಅತ್ತೆ?" ಶ್ರೀಲಕ್ಷ್ಮಿ ಪೆನ್ನು ತೆಗೆದಳು.

ಸುಶೀಲಮ್ಮ ಬೆರಳು ಮಡಚಿ ನೋಡಿದರು, ಬಿಚ್ಚಿ ನೋಡಿದರು. ಆತುರವಿರಲಿಲ್ಲ. "ಎದ್ದಾಗ ಎಂಟು. ಈಗ ಆರು."

"ಬೆಳಗಿನದೇ ಬೇಕು," ಎಂದಳು ಹರಿಣಿ.

"ಎಂಟು."

ಶ್ರೀಲಕ್ಷ್ಮಿ ಎಂಟು ಬರೆದು ಪೆನ್ನು ಮುಚ್ಚಿದಳು. "ನಾಳೆಯಿಂದ ಕುಕ್ಕರ್, ಚೊಂಬು, ತುರಿಯೋದು ನಂದು. ಒಗ್ಗರಣೆ ನಿಮ್ಮದೇ. ಚಲೋ, ಇದಕ್ಕೆ ಒಪ್ಪಿಗೇನಾ?"

"ಒಗ್ಗರಣೆ, ಹುಳಿಯ ಹದ, ಎರಡೂ," ಎಂದರು ಸುಶೀಲಮ್ಮ.

"ಎರಡೂ."

ಆಗ ರವಿಕೆಯ ತೋಳು ಮೇಲೆ ಸರಿಸಿ ಎಡಗೈಯನ್ನು ಹರಿಣಿಯ ಮುಂದೆ ಚಾಚಿದರು. "ತಗೋ. ಇವತ್ತಿನವು ಹಚ್ಚೋವೋ ಆರಿಸೋವೋ, ಗೊತ್ತಾದ ದಿನ ನನಗೂ ಒಂದು ಮಾತು ಹೇಳು."