ನನ್ನ ಫೋನು, ಕಾಕಾನ ಅರ್ಜಿ

ಭಾಲ್ಕಿಯ ಹುಡುಗನ ಜೊತೆ ನನ್ನ ಮದುವೆ ನಿಶ್ಚಯವಾದ ದಿನವೇ ಕಾಕಾ ಬೀಗರಿಗೆ ಮಾತು ಕೊಟ್ಟುಬಿಟ್ಟಿದ್ದರು: ಅಕ್ಷತೆ ಬೀಳುವ ತನಕ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡುವಂತಿಲ್ಲ. ಅಪ್ಪ ಹೋದ ಮೇಲೆ ಔರಾದಿನಲ್ಲಿ ನನ್ನನ್ನು ಸಾಕಿದವರು ಈ ಕಾಕಾ. ಅವರ ಮಾತು ಮೀರುವುದುಂಟೇ? ಮೀರಿದೆ. ದಿನಾ ಮಾತಾಡಿದೆವು, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಆ ನಗು ಒಂದು ದಿನ ಕಾಕಾನ ಕಿವಿಗೆ ಬಿತ್ತು. “ನೀ ಮಾತಾಡಿದ್ದು ಖರೇ ಆದ್ರ ಈ ಸಂಬಂಧ ಮುರೀತೇನಿ!” ಎಂದು ಗುಡುಗಿದರು. ಆದರೆ ಮಾತಾಡಿದೆಯಾ ಎಂದು ನನ್ನನ್ನು ಕೇಳಬೇಕಲ್ಲ? ಊಹೂಂ. ಜೀವಮಾನವಿಡೀ ಸರ್ಕಾರಿ ಗುಮಾಸ್ತರಾಗಿದ್ದವರು, ಏನು ತಿಳಿಯಬೇಕಾದರೂ ಅರ್ಜಿ ಬರೆಯುವವರು. ದುಂಡು ಅಕ್ಷರದಲ್ಲಿ ಮೂರು ಪ್ರತಿ ಬರೆದರು: ಅಣ್ಣನ ಮಗಳ ಫೋನ್ ಕರೆಗಳ ವಿವರ ದಯಪಾಲಿಸಬೇಕಾಗಿ ವಿನಂತಿ. ನನ್ನನ್ನೂ ಎಳೆದುಕೊಂಡು ಬೀದರಿನ ಬಸ್ಸು ಹತ್ತಿದರು.

ಪೊಲೀಸ್ ಠಾಣೆಯಲ್ಲಿದ್ದ ಮೇಡಂ ಅರ್ಜಿಯನ್ನು ಕೊನೆಯವರೆಗೂ ಓದಿ, ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದರು.

“ಕಾಕಾ, ಅಕ್ಷರ ಭಾಳ ಚಂದ ಅವರಿ. ಆದ್ರ ಹಿಂಗ ಯಾರ ಫೋನಿನ ವಿವರಾನೂ ನಮ್ಗ ತರ್ಸಲಾಕ ಬರಲ್ರಿ. ಕೇಸ್ ಇರ್ಬೇಕು, ಮ್ಯಾಲಿನ ಸಾಹೇಬ್ರು ಬರ್ದು ಕೇಳ್ಬೇಕು. ಕಾಯ್ದೆ ಅದ.”

“ನಾ ಸರ್ಕಾರಿ ನೌಕರ ಇದ್ದವ್ರಿ!”

“ಕಾಯ್ದೆ ಸರ್ಕಾರಕ್ಕೇ ಅಡ್ಡ ನಿಂತದ, ನಿಮ್ದೇನು, ನಮ್ದೇನು? ಹುಡುಗಿ ನಕ್ಕಿದ್ದು ಯಾವ ಕಲಮಿನಾಗ ಗುನ್ಹೆ, ಹೇಳ್ರಿ? ಅಕಿನ್ನೇ ಕೇಳ್ರಿ, ಬಾಜೂಕೇ ಕುಂತಾಳಲ್ಲ!”

ಅಯ್ಯೋ, ಆ ಮೇಡಂ ಕೈ ಹಿಡಿದು ಕುಣಿಯಬೇಕೆನಿಸಿತು.

ಹೊರಗೆ ಬಂದು ಹೋಟೆಲಿನಲ್ಲಿ ಚಹಾ ಹೇಳಿದರು ಕಾಕಾ. ಕಪ್ಪಿನಿಂದ ಬಸಿಗೆ ಸುರಿದುಕೊಂಡು ಊದಿದರು, ಕುಡಿಯಲಿಲ್ಲ.

“ಮಾತಾಡಿದಿ ಏನವಾ?”

ಇನ್ನು ಯಾರೂ ನನ್ನ ಗುಟ್ಟು ತೆಗೆಯಲಾರರು. ಇಲ್ಲ ಎಂದರೆ ಮುಗಿಯಿತು, ಮದುವೆ ಉಳಿಯಿತು. ಆದರೆ ಅವರು ಮೊದಲ ಸಲ ನನ್ನನ್ನೇ ಕೇಳಿದ್ದರು. ಸುಳ್ಳು ಬಾಯಿಗೆ ಬರಲಿಲ್ಲ.

“ಮಾತಾಡೀನ್ರಿ ಕಾಕಾ. ದಿನಾ.”

ಬಸಿಯ ಚಹಾ ಆರಿಹೋಯಿತು. ಸಂಬಂಧ ಮುರಿದೇಬಿಟ್ಟಿತು ಅಂದುಕೊಂಡೆ. ಕಾಕಾ ದನಿ ತಗ್ಗಿಸಿದರು.

“ಹೊಲಾ ನೋಡ್ದೆ, ಮನಿ ನೋಡ್ದೆ. ಹುಡುಗನ ಜೋಡಿ ನಾಕು ಮಾತೂ ಆಡ್ಲಿಲ್ಲ. ಅಂದಿನಿಂದ ಜೀವಕ್ಕ ಸಮಾಧಾನಿಲ್ಲ ನನಗ. ಚಲೋ ಅದಾನೇನವಾ?”

“ಭಾಳ ಚಲೋ ಅದಾರ್ರಿ ಕಾಕಾ,” ಎಂದೆ. ಅಷ್ಟು ಖುಷಿಯಿಂದ ನಾನು ಯಾರಿಗೂ ಉತ್ತರ ಕೊಟ್ಟಿದ್ದಿಲ್ಲ.

ಅವರು ಕಣ್ಣೊರೆಸಿಕೊಂಡು ಬಸಿ ಎತ್ತಿದರು.

“ಹಂಗಾದ್ರ ಹಚ್ಚು ಫೋನು. ನಾನೂ ಮಾತಾಡ್ತೇನಿ.”